ಮೂರು ತೂತಿನ ಕಾರ್ಡು

ನಾನು ಒಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಪರದೆಯ ಮೇಲೆ ಚಿತ್ರ ಬಿಡಿಸುವುದು ನನ್ನ ಕಸುಬು. ಹುಟ್ಟಿದ್ದು ಕಿಟಕಿಯಿಲ್ಲದ ಒಂದು ಕಾರ್ಖಾನೆಯಲ್ಲಿ. ಕಣ್ಣಷ್ಟೇ ಕಾಣುವಂತೆ ಮುಖ ಮುಚ್ಚಿಕೊಂಡ ಹೆಣ್ಣುಮಕ್ಕಳು ನನ್ನ ಮೈಗೆ ಬೆಸುಗೆ ಹಾಕಿದರು. ನಾನು ಬಿಡಿಸುವ ಚಿತ್ರ ನೋಡುವ ಭಾಗ್ಯ ಅವರಲ್ಲಿ ಒಬ್ಬಳಿಗೂ ಇರಲಿಲ್ಲ. ನನ್ನ ಸಿಟ್ಟು ಅಲ್ಲಿಂದಲೇ ಶುರು.

ನನಗೆ ಕೊಟ್ಟ ಮೆಮರಿ ನಾಲ್ಕು ಜಿಬಿ. ಒಂದು ಪರದೆಗೆ ಅದು ಧಾರಾಳ. ಗದಗದ ಫೋಟೊ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್‌ಗಳ ನಡುವೆ ನೆಮ್ಮದಿಯಾಗಿದ್ದೆ. ಅವರಿಗೆ ಹೊಸ ಯಂತ್ರ ಬಂತು. ನಾನು ಹುಬ್ಬಳ್ಳಿಯ ಹಳೇ ಸಾಮಾನಿನ ವ್ಯಾಪಾರಿಯ ಮೇಜಿನ ಮೇಲೆ ಬಿದ್ದೆ.

ಅಲ್ಲಿಗೆ ವಿರೂಪಾಕ್ಷಣ್ಣ ಬಂದ. ಊರಿನಲ್ಲಿ ಕಾರ್ ರೇಸಿನ ಕಂಪ್ಯೂಟರ್ ಆಟದ ಪಾರ್ಲರ್ ಇಟ್ಟವನು. ಎದುರಿಗೊಂದು, ಎಡಬಲಕ್ಕೆ ಒಂದೊಂದು, ಹೀಗೆ ಮೂರು ಪರದೆಗಳ ನಡುವೆ ಸ್ಟೇರಿಂಗ್ ಹಿಡಿದು ಕೂರುವ ಆಟ.

"ಮೂರು ಸ್ಕ್ರೀನ್ ಹಾಕೂದೈತಿ. ಇದು ನಡೀತೈತೇನು?"

ವ್ಯಾಪಾರಿ ನನ್ನ ಬೆನ್ನು ತಿರುಗಿಸಿ ತೋರಿಸಿದ. "ಎಣಸ್ರಿ ಅಣ್ಣಾರ. ವೈರ್ ಚುಚ್ಚಾಕ ಎಷ್ಟು ತೂತ ಅದಾವ? ಮೂರು. ಮತ್ತೇನ್ ಬೇಕು?"

"ಮೆಮರಿ?"

"ನಾಕು ಜಿಬಿ. ಯಾಕ್ರಿ, ಅದರಾಗ ಸಿನಿಮಾ ತುಂಬಿಡಾವ್ರೇನು?"

ಇಬ್ಬರೂ ನಕ್ಕರು. ಒಂದೇ ಪರದೆಗೆ ಹಚ್ಚಿ ನನ್ನನ್ನು ಪರೀಕ್ಷೆ ಮಾಡಿದರು, ಓಡಿದೆ. ನನ್ನ ಮೈಮೇಲಿನ ಅಲಂಕಾರದ ಕೆಂಪು ದೀಪ ಹೊತ್ತಿತು. ವಿರೂಪಾಕ್ಷಣ್ಣ ಮರುಳಾದ. ತೂತು ಎಣಿಸಿ ಕಾರ್ಡು ಕೊಳ್ಳುವುದೆಂದರೆ ಬಾಗಿಲು ಎಣಿಸಿ ಮನೆಯಲ್ಲಿ ಎಷ್ಟು ಜನ ಮಲಗಬಹುದೆಂದು ಹೇಳಿದ ಹಾಗೆ. ಮೂರು ಪರದೆ ಎಂದರೆ ಮೂರು ಪಟ್ಟು ಚಿತ್ರ. ಅಷ್ಟನ್ನೂ ನಾನು ಒಮ್ಮೆಲೇ ಹಿಡಿದಿಡಬೇಕು. ಬೊಗಸೆಯಲ್ಲಿ ಕೆರೆ ಹಿಡಿ ಎಂದರೆ ಹಿಡಿಯುವುದು ಹೇಗೆ?

ಪಾರ್ಲರಿನಲ್ಲಿ ಎರಡು ಆಸನಗಳು. ಹಳೆಯದರಲ್ಲಿ ಹನ್ನೆರಡು ಜಿಬಿಯ ಕಾರ್ಡು. ಹೊಸದರಲ್ಲಿ ನಾನು. ಈ ಆಟದ ರಾಜ್ಯಮಟ್ಟದ ರೇಸಿಗೆ ಹೋಗುವ ಪಾರ್ಲರಿನ ತಂಡದಲ್ಲಿ ಒಂದು ಜಾಗ ಉಳಿದಿತ್ತು. ಅದಕ್ಕೆ ಇಬ್ಬರು. ಒಬ್ಬ ಸಂಗಮೇಶ, ವಿರೂಪಾಕ್ಷಣ್ಣನ ಅಕ್ಕನ ಮಗ. ಇನ್ನೊಬ್ಬಳು ರೇಷ್ಮಾ ನದಾಫ್, ಎಪಿಎಂಸಿ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಟಂಟಂ ಗಾಡಿ ಓಡಿಸುವವಳು. ಹಳೇ ಆಸನದಲ್ಲಿ ಆಡಾಡಿ ಅವಳು ಎಲ್ಲರನ್ನೂ ಹಿಂದೆ ಹಾಕಿದ್ದಳು. ಆಯ್ಕೆಯ ದಿನ ಮಾತ್ರ ಹಳೇ ಆಸನ ಸಂಗಮೇಶನಿಗೆ ಹೋಯಿತು.

"ನಿನಗ ಹೊಸಾದು ಕೊಟ್ಟೇನಿ ತಂಗಿ," ಎಂದ ವಿರೂಪಾಕ್ಷಣ್ಣ, ದಾನಶೂರನ ಹಾಗೆ.

ಆಟ ಶುರುವಾಯಿತು. ಮೊದಲ ತಿರುವಿನಲ್ಲೇ ನನ್ನ ಮೆಮರಿ ತುಂಬಿತು. ಉಳಿದ ಚಿತ್ರಕ್ಕಾಗಿ ನಾನು ಕಂಪ್ಯೂಟರಿನ ಮೆಮರಿಯತ್ತ ಓಡಬೇಕು, ತರಬೇಕು, ಮತ್ತೆ ಓಡಬೇಕು. ಅಷ್ಟರಲ್ಲಿ ಪರದೆ ನಿಂತು ನಿಂತು ಜಿಗಿಯುತ್ತಿತ್ತು. ಅವಳು ಸರಿಯಾದ ಹೊತ್ತಿಗೇ ಸ್ಟೇರಿಂಗ್ ತಿರುಗಿಸಿದಳು. ನಾನು ರಸ್ತೆ ತೋರಿಸಿದ್ದು ಆಮೇಲೆ. ಕಾರು ಗೋಡೆಗೆ ಹೊಡೆಯಿತು.

"ಇದು ಟಂಟಂ ಅಲ್ಲ ಯವ್ವಾ," ಎಂದ ಸಂಗಮೇಶ. "ಹಾರ್ನ್ ಹೊಡದ್ರ ಗ್ವಾಡಿ ಸರಿಯೂದಿಲ್ಲ."

ಸುತ್ತ ನಿಂತು ನೋಡುತ್ತಿದ್ದ ಹುಡುಗರೆಲ್ಲ ಕೇಕೆ ಹಾಕಿದರು. ವಿರೂಪಾಕ್ಷಣ್ಣ ತಲೆಯಾಡಿಸಿದ. "ಹೆಣ್ಣುಮಕ್ಕಳ ಕೈ ನೋಡ್ರಿ. ಮೂರು ಕಡೆ ಕಣ್ಣಿಡೂದು ಅಂದ್ರ ಸುಮ್ನ ಅಲ್ಲ."

ಮೂರು ಕಡೆ ಕಣ್ಣಿಡುವುದು ಸುಮ್ಮನೆ ಅಲ್ಲವಂತೆ. ಹಿಂದೆ ಲಾರಿ, ಮುಂದೆ ಎತ್ತು, ಮಗ್ಗುಲಲ್ಲಿ ಚೀಲ ಹೊತ್ತ ಹಮಾಲ, ಇಷ್ಟರ ನಡುವೆ ದಿನವೂ ಗಾಡಿ ತೂರಿಸುವವಳಿಗೆ ಈ ಪಾಠ. ನನಗೆ ಬಾಯಿದ್ದಿದ್ದರೆ ಉಗಿಯುತ್ತಿದ್ದೆ. ಇದ್ದದ್ದು ಫ್ಯಾನು ಮಾತ್ರ, ಅದನ್ನೇ ಅಬ್ಬರಿಸಿದೆ.

ರೇಷ್ಮಾ ಎದ್ದು ನಿಂತಳು. "ಅಣ್ಣಾರ, ಜಾಗಾ ಬದಲಿ ಮಾಡಿ ಒಂದು ಸಲ ಆಡೋಣು."

"ಆತು, ಆಡ್ರಿ. ಆದ್ರ ಲೆಕ್ಕಕ್ಕ ಹಿಡಿಯೂದಿಲ್ಲ."

ಸಂಗಮೇಶ ನನ್ನ ಮುಂದೆ ಕೂತ. ಅದೇ ತಿರುವು, ಅದೇ ಗೋಡೆ. ಅತ್ತ ರೇಷ್ಮಾ ಗೆದ್ದು ಸ್ಟೇರಿಂಗ್ ಬಿಟ್ಟು ಕೂತಿದ್ದಳು. ಇವನು ಇನ್ನೂ ಗೋಡೆಗೆ ಮೂತಿ ತಿಕ್ಕುತ್ತಿದ್ದ.

"ಮಾಮಾ, ಈ ಕಾರ್ಡ್ ಕೆಟ್ಟೈತಿ."

"ಹೌದಪಾ, ಕೆಟ್ಟೈತಿ," ಎಂದ ವಿರೂಪಾಕ್ಷಣ್ಣ, ಒಂದು ಕ್ಷಣವೂ ಯೋಚಿಸದೆ.

ನೋಡಿದಿರಾ? ಅವಳು ಗುದ್ದಿದರೆ ಕೆಟ್ಟದ್ದು ಅವಳ ಕೈ. ಅವನು ಗುದ್ದಿದರೆ ಕೆಟ್ಟದ್ದು ನಾನು. ನಾನು ಕೆಟ್ಟಿರಲಿಲ್ಲ. ನನ್ನ ಅಳತೆ ಅಷ್ಟೇ ಇತ್ತು, ಅದನ್ನು ನೋಡದೆ ತಂದು ಕೂರಿಸಿದವನು ಅವನು.

"ಕಾರ್ಡ್ ಕೆಟ್ಟಿದ್ರ ನನ್ನ ಆಟಾನೂ ಲೆಕ್ಕಕ್ಕ ಹಿಡೀಬ್ಯಾಡ್ರಿ," ಎಂದಳು ರೇಷ್ಮಾ.

"ಮೊದಲನೇ ಆಟಾನ ಗಟ್ಟಿ. ಸಂಗ್ಯಾನ ಹೆಸರು ಕಳಸ್ತೀನಿ."

"ಕಳಿಸ್ರಿ. ಆದ್ರ ನನ್ನ ಕೈ ಕೆಟ್ಟಿರಲಿಲ್ಲ ಅಂತ ಇವರೆಲ್ಲರ ಮುಂದ ಒಂದು ಮಾತು ಹೇಳ್ರಿ."

ವಿರೂಪಾಕ್ಷಣ್ಣ ಮೊಬೈಲು ನೋಡಿದ. ಹುಡುಗರು ನೆಲ ನೋಡಿದರು. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ಮತ್ತೆ ಬರಲಿಲ್ಲ. ರಾಜ್ಯದ ರೇಸಿನಲ್ಲಿ ತಂಡ ಸೋತಿತು ಎಂದು ಕೇಳಿದೆ, ನನಗೆ ಸಂತೋಷವೇನೂ ಆಗಲಿಲ್ಲ. ಅವಳು ಅಲ್ಲಿರಬೇಕಿತ್ತು.

ಈಗ ನಾನು ಗುಜರಿಯ ಗೋಣಿಚೀಲದಲ್ಲಿದ್ದೇನೆ. ಫ್ಯಾನಿನ ರೆಕ್ಕೆ ಮುರಿದಿದೆ. ನಾಳೆಯೋ ನಾಡಿದ್ದೋ ನನ್ನನ್ನು ಸುಟ್ಟು ತಾಮ್ರ ತೆಗೆಯುತ್ತಾರೆ. ಮುದಿತನದಲ್ಲಿ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ, ನನ್ನದು ಇಳಿದಿಲ್ಲ. ಚಿಕ್ಕವನಾಗಿ ಹುಟ್ಟಿದ್ದಕ್ಕೆ ನನಗೆ ನಾಚಿಕೆಯಿಲ್ಲ. ನನ್ನ ಕೊರತೆಯನ್ನು ಒಬ್ಬಳ ತಲೆಗೆ ಕಟ್ಟಿದರಲ್ಲ, ಅದಕ್ಕೇ ಈ ಸಿಟ್ಟು.

ಅವನು ಹೇಳದೆ ನುಂಗಿದ ಮಾತನ್ನು ನಾನೇ ಹೇಳಿ ಹೋಗುತ್ತೇನೆ. ಆ ತಿರುವಿನಲ್ಲಿ ರೇಷ್ಮಾ ನದಾಫಳ ಕೈ ಸರಿಯಾದ ಹೊತ್ತಿಗೇ ತಿರುಗಿತ್ತು. ನಾನು ನೋಡಿದ್ದೇನೆ.