ಏಳನೆಯ ಕಾಲಂ

ರಜೆ ಅರ್ಜಿಯ ಏಳನೆಯ ಕಾಲಂನಲ್ಲಿ ಒಂದು ಪ್ರಶ್ನೆಯಿತ್ತು: ಈ ವ್ಯಾಸಂಗದಿಂದ ಇಲಾಖೆಗೆ ಆಗುವ ಪ್ರಯೋಜನವೇನು? ನಾಲ್ಕು ಸಲ ಪೆನ್ಸಿಲಿನಲ್ಲಿ ಬರೆದು ಅಳಿಸಿ, ಕೊನೆಗೆ ಪೆನ್ನಿನಲ್ಲಿ ಹೀಗೆ ಬರೆದಿದ್ದೆ: ‘ನಲ್ಲಿ ನೀರಿನ ಮಾದರಿ ತೆಗೆಯುವ ಸಮಯದ ನಿಯಮ ತಪ್ಪಾಗಿದೆ. ಅದನ್ನು ಬದಲಾಯಿಸುವುದು ಹೇಗೆಂದು ಕಲಿತು ಬರುತ್ತೇನೆ.’

“ಇಷ್ಟುದ್ದ ಯಾಕೆ?” ಎಂದರು ನಮ್ಮ ಯಜಮಾನರು, ಬೆಳಿಗ್ಗೆ ಮನೆಯಿಂದ ಹೊರಡಲು ಷೂ ಲೇಸ್ ಕಟ್ಟುತ್ತ. “ಜ್ಞಾನಾಭಿವೃದ್ಧಿ ಅಂತ ಒಂದೇ ಪದ ಗೀಚಿ ಬಿಸಾಕು. ಸಹಿ ಬಿದ್ಮೇಲೆ ಏನು ಬೇಕಾದ್ರೂ ಕಲಿ.”

“ಸುಳ್ಳಾಗಲ್ವಾ?”

“ಸುಳ್ಳಲ್ಲ ಕಣೇ, ಅರ್ಜಿ.”

ನಗು ಬಂತು. ಆದರೆ ಆ ಸಂಜೆ ಐದರೊಳಗೆ ಕಚೇರಿಯ ಒಪ್ಪಿಗೆ ಪತ್ರ ತಲುಪಿಸದಿದ್ದರೆ, ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಾರ್ವಜನಿಕ ನೀತಿ ಓದಲು ಸಿಕ್ಕಿದ್ದ ಸೀಟು ಕೈತಪ್ಪುತ್ತಿತ್ತು. ನಲವತ್ತಮೂರರಲ್ಲಿ ಅದು ಎರಡನೆಯ ಸಲ ಸಿಗುವ ಸೀಟಲ್ಲ.

ನಗರದ ನೀರು ಪರೀಕ್ಷಾಲಯದಲ್ಲಿ ಹದಿನೇಳು ವರ್ಷದಿಂದ ನಾನು ತಂತ್ರಜ್ಞೆ. ಬೀದಿಗಳಿಗೆ ನೀರು ಬರುವುದು ಬೆಳಗಿನ ಐದೂವರೆಗೆ. ಮೊದಲ ಹತ್ತು ನಿಮಿಷ ಮಣ್ಣಿನ ಬಣ್ಣ, ಆಮೇಲೆ ತಿಳಿ. ನಿಯಮದ ಪ್ರಕಾರ ನಾವು ಮಾದರಿ ತೆಗೆಯುವುದು ಎಂಟು ಗಂಟೆಗೆ, ಅದೂ ನಲ್ಲಿಯನ್ನು ಮೂರು ನಿಮಿಷ ಹರಿಯಲು ಬಿಟ್ಟು. ಎಂಟರ ನೀರು ಯಾವತ್ತೂ ಒಳ್ಳೆಯ ನೀರೇ. ಕಳೆದ ವರ್ಷ ನಮ್ಮ ಹಿಂದಿನ ಬೀದಿಯ ಹನ್ನೊಂದು ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಅವರಲ್ಲೊಬ್ಬನ ತಾಯಿ ಪರೀಕ್ಷಾ ವರದಿ ಹಿಡಿದು ಮನೆ ಬಾಗಿಲಿಗೆ ಬಂದಳು. ‘ಕುಡಿಯಲು ಯೋಗ್ಯ’ ಎಂಬುದರ ಕೆಳಗೆ ಬೆರಳಿಟ್ಟು, “ಅಕ್ಕಾ, ಈ ಸಹಿ ನಿಮ್ದೇನಾ?” ಎಂದಳು. ನನ್ನದೇ. ನಿಯಮದ ಪ್ರಕಾರ ಸರಿಯಾಗಿಯೇ ಇದೆ ಎಂದು ಅವಳಿಗೆ ಹೇಳಿಯೂಬಿಟ್ಟೆ. ಹಾಗೆ ಹೇಳಿದ್ದನ್ನು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ.

ಪರೀಕ್ಷಾಲಯದ ಸಾಹೇಬರು ಅರ್ಜಿ ಕೈಗೆತ್ತಿಕೊಂಡಾಗ ಮಧ್ಯಾಹ್ನ ಮೂರು. ಏಳನೆಯ ಕಾಲಂಗೆ ಬಂದಾಗ ಕನ್ನಡಕ ಹಣೆಗೇರಿತು.

“ಇದೇನಮ್ಮಾ, ರಜೆ ಅರ್ಜಿಯೋ ದೂರೋ?”

“ರಜೆ ಅರ್ಜಿನೇ ಸರ್.”

“ನಿಯಮ ತಪ್ಪು ಅಂತ ನಮ್ಮ ಕಾಗದದಲ್ಲೇ ಬರ್ಕೊಟ್ರೆ, ನಾಳೆ ಆ ಮಕ್ಕಳ ಅಪ್ಪಂದಿರು ನನ್ನ ಕುತ್ತಿಗೆ ಹಿಡೀತಾರೆ. ನಿಮ್ದನ್ನೂ ಹಿಡೀತಾರೆ.”

“ಹಿಡೀಲಿ ಸರ್.”

ಮಾತು ಹೊರಬಿದ್ದ ಮೇಲೆ ನನಗೇ ಗಾಬರಿ.

ಅವರು ಕೆಟ್ಟ ಮನುಷ್ಯರಲ್ಲ. ನನ್ನ ಅಮ್ಮ ಹಾಸಿಗೆ ಹಿಡಿದಾಗ ಕೇಳದೆಯೇ ರಜೆ ಕೊಟ್ಟವರು. ಧ್ವನಿ ತಗ್ಗಿಸಿ, “ಇಲ್ಲೊಂದು ಗೆರೆ ಎಳೀರಿ, ಜ್ಞಾನಾಭಿವೃದ್ಧಿ ಅಂತ ಬರೀರಿ, ಈಗ್ಲೇ ಸಹಿ. ಆರಾಮಾಗಿ ಓದ್ಕೊಂಡ್ ಬನ್ನಿ. ನಿಮ್ಮ ಕುರ್ಚಿ ಎಲ್ಲೂ ಹೋಗಲ್ಲ” ಎಂದು ತಮ್ಮ ಪೆನ್ನನ್ನೇ ಮುಂದಿಟ್ಟರು.

ತೆಗೆದುಕೊಂಡೆ. ‘ತಪ್ಪಾಗಿದೆ’ ಎಂಬುದರ ಮೇಲೆ ತುದಿಯನ್ನೂ ಊರಿದೆ. ಒಂದು ಗೆರೆ, ಅಷ್ಟೇ. ಆದರೆ ಈ ಗೆರೆ ಎಳೆದವಳು ಎರಡು ವರ್ಷದ ನಂತರ ಅದೇ ಕುರ್ಚಿಗೆ ಬಂದು ಯಾವ ಮುಖದಿಂದ ನಿಯಮ ತಪ್ಪು ಎನ್ನುತ್ತಾಳೆ? ಕಾಗದದ ಮೇಲೆ ಶಾಯಿಯ ಚುಕ್ಕೆ ಹರಡತೊಡಗಿತು. ಕೈ ತೆಗೆದೆ.

“ಎಳೆಯಲ್ಲ ಸರ್. ರಜೆ ಕೊಡಲ್ಲ ಅಂದ್ರೆ ಹಾಗಂತಲೇ ಬರೀರಿ. ಕಾರಣ ಸಮೇತ.”

“ಕಾರಣ ಬರೆಯೋಕೆ ನಂಗೇನು ಹುಚ್ಚಾ?” ಅರ್ಜಿ ಡ್ರಾಯರಿಗೆ ಹೋಯಿತು. “ಸೋಮವಾರ ನೋಡೋಣ.”

“ಹಾಗಾದ್ರೆ ಒಂದೆರಡು ಬಿಳಿ ಹಾಳೆ ಕೊಡಿ ಸರ್.”

ರಾಜೀನಾಮೆ ಬರೆದೆ. ಕಾರಣ ಎಂಬಲ್ಲಿ ಏಳನೆಯ ಕಾಲಂನ ಮಾತನ್ನೇ ಇಳಿಸಿದೆ, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲದೆ. ನನ್ನ ಬಳಿ ಇರಲೆಂದು ಇನ್ನೊಂದು ಪ್ರತಿಯನ್ನೂ ಬರೆದೆ.

ಟಪಾಲು ಕಿಟಕಿಯಲ್ಲಿ ಕೂರುವವರಿಗೆ ನಾವಿಟ್ಟ ಹೆಸರು ಮೊಹರಕ್ಕ. ಯಾವ ಕಾಗದವನ್ನೂ ಓದದೆ ಮೊಹರು ಗುದ್ದುವುದು ಅವರ ಹೆಗ್ಗಳಿಕೆ. ಅಂದು ಓದಿದರು.

“ತಲೆಗಿಲೆ ಕೆಟ್ಟಿದ್ಯೇನೇ? ಸಾಹೇಬ್ರು ಇದನ್ನ ನೋಡಿದ್ರಾ?”

“ಎಲ್ರೂ ನೋಡ್ಲಿ ಅಂತಲೇ ನಿಮ್ಮ ಹತ್ರ ತಂದಿರೋದು ಅಕ್ಕಾ.”

ಮೊಹರು ಬಿದ್ದರೆ ಕಾಗದಕ್ಕೊಂದು ಸಂಖ್ಯೆ. ಸಂಖ್ಯೆ ಬಿದ್ದ ರಾಜೀನಾಮೆ ಕೇಂದ್ರ ಕಚೇರಿಗೆ ಹೋಗಲೇಬೇಕು. ಯಾವ ಡ್ರಾಯರೂ ಅದನ್ನು ನುಂಗುವಂತಿಲ್ಲ. ಮೊಹರಕ್ಕ ನನ್ನ ಮುಖ ನೋಡಿದರು, ಸಾಹೇಬರ ಬಾಗಿಲು ನೋಡಿದರು. ಎರಡೂ ಪ್ರತಿಗೆ ಮೇಜು ಅಲ್ಲಾಡುವಂತೆ ಗುದ್ದಿದರು.

ಬಸ್ ನಿಲ್ದಾಣದಲ್ಲಿದ್ದಾಗ ಯಜಮಾನರ ಫೋನು.

“ಸಹಿ ಬಿತ್ತಾ?”

“ಬಿತ್ತು. ನಂದು. ರಾಜೀನಾಮೆಗೆ.”

“ರಾಜೀನಾಮೇನಾ? ಹಾಗಾದ್ರೆ ಒಪ್ಪಿಗೆ ಪತ್ರ?”

“ಕೆಲಸ ಬಿಟ್ಟವ್ರಿಗೆ ಒಪ್ಪಿಗೆ ಪತ್ರ ಬೇಡ ಕಣ್ರೀ, ಮೊಹರು ಬಿದ್ದ ರಾಜೀನಾಮೆ ಪ್ರತಿ ಸಾಕು. ವಿಶ್ವವಿದ್ಯಾಲಯದ ಫಾರಂನ ಹಿಂದೆ ಸಣ್ಣಕ್ಷರದಲ್ಲಿದೆ.”

“ಅದನ್ನೂ ಓದಿಟ್ಕೊಂಡಿದ್ಯಾ?”

“ಮೂರು ಸಲ.”

“ನಿನ್ನ ಬೈಬೇಕೋ ಬೇಡ್ವೋ ಗೊತ್ತಾಗ್ತಿಲ್ಲ.”

“ಮನೆಗೆ ಬಂದ್ಮೇಲೆ ಬೈಯಿರಿ. ಈಗ ಬಸ್ ಬಂತು.”

ನಾಲ್ಕು ಹತ್ತಾಗಿತ್ತು. ಮೊಹರಿನ ಶಾಯಿ ಇನ್ನೂ ಹಸಿ. ಮಡಚಿದರೆ ಎಲ್ಲಿ ಅಳಿಸೀತೋ ಎಂದು ನನ್ನ ಪ್ರತಿಯನ್ನು ಬಿಚ್ಚಿ ಹಿಡಿದುಕೊಂಡೇ ಬಸ್ಸು ಹತ್ತಿದೆ.