ಐದನೇ ಕೌಂಟರ್

"ಪರಿಹರಿಸಲಾಗಿದೆ ಅಂತ ಹಸಿರು ಅಕ್ಷರದಲ್ಲಿ ಬಂದಿದೆಯಲ್ಲಮ್ಮ. ಇನ್ನೇನು ಪರಿಹಾರ ಬೇಕು ನಿಮಗೆ?"

"ಅಕ್ಷರ ಹಸಿರಾದ್ರೆ ನನ್ನ ನಾದಿನಿ ಎದ್ದು ಕೂರ್ತಾಳಾ ಸ್ವಾಮಿ?"

ಕೌಂಟರಿನ ಹಿಂದೆ, ಎರಡು ಮೇಜು ಬಿಟ್ಟು ಕೂತು ವರದಿ ಬರೆಯುತ್ತಿದ್ದ ಸಲಹೆಗಾರ್ತಿ ತಲೆಯೆತ್ತಿದಳು. ಗಾಜಿನ ಆಚೆ ನಿಂತಿದ್ದವಳು ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದ ಒಬ್ಬ ದರ್ಜಿ ಹೆಂಗಸು. ತೋಳಿಗೆ ಎರಡು ಗುಂಡುಸೂಜಿ ಸಿಕ್ಕಿಸಿಕೊಂಡದ್ದನ್ನೂ ಮರೆತಿದ್ದಳು. ಗಾಜಿನ ಈಚೆಗಿದ್ದವನು ಗುಮಾಸ್ತ. ಕಂಪ್ಯೂಟರಿನ ಎಂಟರ್ ಗುಂಡಿಯನ್ನು ಗೋಡೆಗೆ ಮೊಳೆ ಹೊಡೆದಂತೆ ಹೊಡೆಯುತ್ತಿದ್ದುದರಿಂದ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವನು ಎಂಟರಣ್ಣ.

"ಹೊಸ ದೂರು ಬರ್ಕೋತೀನಿ. ಯಾವ ವಿಭಾಗಕ್ಕೆ ಹಾಕಲಿ? ಹಣ ಬಂದಿಲ್ಲ, ಹೆಸರು ತಪ್ಪಾಗಿದೆ, ವಿಳಾಸ ಬದಲಾಗಿದೆ, ಇತರೆ. ಇರೋದು ಇವು ನಾಲ್ಕೇ."

"ಮನೆಗೆ ಬಂದು ಹೆಬ್ಬೆಟ್ಟು ತಗೊಳ್ಳಿ ಅನ್ನೋದು ಯಾವುದರಲ್ಲಿ ಬರುತ್ತೆ?"

"ಇತರೆ."

"ಹಾಗಾದ್ರೆ ಅಲ್ಲಿಗೇ ಹಾಕಿ. ಹನ್ನೊಂದು ಸಲ ಹಾಕಿದ್ದೀರಿ, ಇದೂ ಒಂದು ಬಿದ್ದಿರಲಿ."

ಎಂಟರಣ್ಣ ಮೊಳೆ ಹೊಡೆದ. ಹೆಂಗಸು ಚೀಟಿ ತೆಗೆದುಕೊಂಡು, ಮಡಚಿ, ಹೊರಟುಹೋದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಸಲಹೆಗಾರ್ತಿ ಪ್ರಾಯಶಃ ಮತ್ತೆ ವರದಿಗೇ ತಲೆ ಬಗ್ಗಿಸುತ್ತಿದ್ದಳು.

ವೃದ್ಧರು, ವಿಧವೆಯರು, ಅಂಗವಿಕಲರು, ಈ ಮೂವರಿಗೂ ಸರ್ಕಾರ ಕೊಡುವ ಮಾಸಾಶನದ ಲೆಕ್ಕವಿಡುವ ಮಾಹಿತಿ ವ್ಯವಸ್ಥೆಗೆ ಅವಳು ನಾಲ್ಕು ವರ್ಷದಿಂದ ಸಲಹೆಗಾರ್ತಿ. ಯಾವ ಪರದೆಯಲ್ಲಿ ಏನು ಕೇಳಬೇಕು, ಯಾವ ಗುಂಡಿ ಒತ್ತಿದರೆ ಕಡತ ಎಲ್ಲಿಗೆ ಹೋಗಬೇಕು, ಎಲ್ಲ ಅವಳ ತಲೆಯಿಂದ ಬಂದದ್ದು. ಗುರುವಾರ ನೆರವು ಕೊಡುವ ಸಂಸ್ಥೆಯವರ ಪರಿಶೀಲನಾ ಸಭೆ. ಅದಕ್ಕೆಂದು ಅವಳು ಬರೆಯುತ್ತಿದ್ದ ವರದಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು: ದೂರುಗಳ ಪರಿಹಾರ, ನೂರಕ್ಕೆ ತೊಂಬತ್ತೇಳು.

ಎಂಟರಣ್ಣನಿಂದ ಚೀಟಿಯ ಸಂಖ್ಯೆ ಕೇಳಿ ಪಡೆದು ಅವಳು ಆ ಹನ್ನೊಂದು ದೂರುಗಳನ್ನು ತೆರೆದಳು. 'ನಾದಿನಿ ಹಾಸಿಗೆ ಹಿಡಿದಿದ್ದಾಳೆ, ಕೌಂಟರಿಗೆ ಕರೆತರಲು ಆಗುವುದಿಲ್ಲ' ಎಂಬುದು ದೂರು. 'ಫಲಾನುಭವಿಯು ವರ್ಷಕ್ಕೊಮ್ಮೆ ಖುದ್ದಾಗಿ ಕೌಂಟರಿಗೆ ಬಂದು ಹೆಬ್ಬೆರಳಿನ ಗುರುತು ನೀಡತಕ್ಕದ್ದು' ಎಂಬುದು ಉತ್ತರ. ಹನ್ನೊಂದು ಸಲವೂ ಇಪ್ಪತ್ತೊಂದನೇ ದಿನಕ್ಕೆ ಸರಿಯಾಗಿ ಹಸಿರು ಬಣ್ಣ. 'ಇತರೆ'ಗೆ ಬಿದ್ದ ದೂರನ್ನು ಯಾರೂ ತೆರೆಯುತ್ತಿರಲಿಲ್ಲ. ಇಪ್ಪತ್ತೊಂದು ದಿನ ಕಾದು ಯಂತ್ರವೇ ಮುಗಿಸಿಬಿಡುತ್ತಿತ್ತು. ಅವಳು ಮಧ್ಯಾಹ್ನದ ಊಟ ಬಿಟ್ಟು ಎಣಿಸಿದಳು. ತೊಂಬತ್ತೇಳರಲ್ಲಿ ನಲವತ್ತಕ್ಕೆ ಮನುಷ್ಯರ ಕಣ್ಣೇ ಸೋಕಿರಲಿಲ್ಲ.

ಇಲಾಖೆಯ ನಿರ್ದೇಶಕರು ಕೆಟ್ಟವರಲ್ಲ. ಬೆಳಿಗ್ಗೆ ಎಂಟಕ್ಕೇ ಬಂದು, ಮೇಲಿನವರ ಫೋನಿಗೆ ಎದ್ದು ನಿಂತು ಉತ್ತರ ಕೊಡುವ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಮೇಡಂ, ಒಬ್ಬಳಿಗೋಸ್ಕರ ಸಾಫ್ಟ್‌ವೇರ್ ಬದಲಾಯಿಸೋಕಾಗುತ್ತಾ?"

"ಒಬ್ಬಳಲ್ಲ ಸಾರ್. ಈ ಒಂದು ಕಚೇರಿಗೇ ಇನ್ನೂರ ಹದಿನಾರು ಜನ 'ಇತರೆ' ಇದ್ದಾರೆ. ಮೊದಲನೇ ಹಂತದಲ್ಲೇ ನಾನು 'ಮನೆ ಭೇಟಿ' ಅಂತ ಐದನೇ ವಿಭಾಗ ಹಾಕಿದ್ದೆ. ತೆಗೆಸಿದ್ರಿ."

"ತೆಗೆದಿಲ್ಲ, ಮೂರನೇ ಹಂತಕ್ಕೆ ಇಟ್ಟಿದ್ದೀವಿ."

"ಮೂರನೇ ಹಂತ ಯಾವಾಗ?"

"ಎರಡನೇದು ಯಶಸ್ವಿ ಅಂತ ಅವರು ಒಪ್ಪಿದ ಮೇಲೆ."

"ಏನು ನೋಡಿ ಒಪ್ತಾರೆ?"

"ನಿಮ್ಮ ತೊಂಬತ್ತೇಳು ನೋಡಿ."

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು ಅವಳಿಗೆ. ನಾಲ್ಕು ವರ್ಷದಲ್ಲಿ ಎಷ್ಟು ಟಿಪ್ಪಣಿ, ಎಷ್ಟು ಸಭೆ, ಎಷ್ಟು 'ನೋಡೋಣ'. ಕೊನೆಗೆ ಅವಳು ಕೇಳಿದ್ದು ಒಂದೇ. ಮನೆಮನೆಗೆ ಒಯ್ಯಲೆಂದು ತರಿಸಿದ್ದ ಎರಡು ಸಣ್ಣ ಬೆರಳಚ್ಚು ಯಂತ್ರಗಳು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಬೀರುವಿನಲ್ಲಿದ್ದವು, ಅವುಗಳಲ್ಲಿ ಒಂದು.

"ತಗೊಂಡು ಹೋಗಿ," ಎಂದರು ನಿರ್ದೇಶಕರು. "ಆದರೆ ಕಾಗದದಲ್ಲಿ ಏನೂ ಕೇಳಬೇಡಿ."

ಮಂಗಳವಾರ ಮಧ್ಯಾಹ್ನ ಅವಳೂ ಎಂಟರಣ್ಣನೂ ದರ್ಜಿಯ ಮನೆ ಹುಡುಕಿಕೊಂಡು ಹೋದರು. ಕಾರು ನುಗ್ಗದ ಓಣಿ. ಎರಡೇ ಕೋಣೆ. ಮುಂದಿನದರಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಪಕ್ಕ ಮಂಚ. ಮಂಚದ ಮೇಲೆ ನಾದಿನಿ. ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು, ಬಸ್ಸು ಉರುಳಿದ ದಿನದಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಗಂಟಲು ಮಾತ್ರ ಹಿಂದಿನ ಬಾಗಿಲವರೆಗೂ ಕೇಳಿಸುವಂಥದು.

"ಬನ್ನಿ ಬನ್ನಿ. ಹನ್ನೊಂದು ಸಲ ಪರಿಹಾರ ಆದವಳು ನಾನೇ."

"ಸುಮ್ನಿರೇ," ಎಂದು ದರ್ಜಿ ಅವಳ ದಿಂಬು ಸರಿಪಡಿಸಿದಳು. ಆಮೇಲೆ ಸಲಹೆಗಾರ್ತಿಯ ಕಡೆ ತಿರುಗಿ, "ಹೋದ ವರ್ಷ ಗೂಡ್ಸ್ ಆಟೋದಲ್ಲಿ ಹಾಸಿಗೆ ಸಮೇತ ಕೌಂಟರಿಗೆ ಕರ್ಕೊಂಡು ಬಂದಿದ್ದೆ ಮೇಡಂ. ಹೆಬ್ಬೆಟ್ಟು ಕೊಟ್ಟಳು, ಮಾಸಾಶನ ಬಂತು. ಆದ್ರೆ ಆ ಕುಲುಕಾಟಕ್ಕೆ ಬೆನ್ನಲ್ಲಿ ಗಾಯ ಆಯ್ತು. ಮಾಯೋಕೆ ನಾಲ್ಕು ತಿಂಗಳು. ಇನ್ನೊಂದು ಸಲ ಎತ್ತಿದ್ರೆ ನನ್ನ ಹತ್ರ ಬರಬೇಡಿ ಅಂದ್ರು ಡಾಕ್ಟ್ರು."

"ನಿಮ್ಮ ಯಜಮಾನರು?"

"ಇವಳ ಅಣ್ಣ. ತೀರ್ಕೊಂಡು ಏಳು ವರ್ಷ ಆಯ್ತು."

"ಅಣ್ಣ ಹೋದ, ಅತ್ತಿಗೆ ಉಳಿದಳು," ಎಂದಳು ನಾದಿನಿ. "ನನ್ನ ಅದೃಷ್ಟ ನೋಡಿ, ಹೋಗಬೇಕಾದವಳು ಹೋಗಲಿಲ್ಲ, ಇರಬೇಕಾದವನು ಉಳಿಯಲಿಲ್ಲ ಅಂತ ಇವಳು ಬೈತಾಳೆ."

"ನಾನೆಲ್ಲೇ ಹಾಗಂದೆ?"

"ಮನಸ್ಸಲ್ಲಿ ಅಂದಿದ್ದು ಕೇಳಿಸ್ತು."

ಎಂಟರಣ್ಣ ನಗುತ್ತಲೇ ಯಂತ್ರವನ್ನು ಹೊರತೆಗೆದ. ನಾದಿನಿಯ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿಸಿದ. ಕೆಂಪು ದೀಪ. ಪರದೆಯ ಮೇಲೆ ಒಂದು ಸಾಲು: 'ನೀವು ಮಾನ್ಯ ಕೌಂಟರಿನ ವ್ಯಾಪ್ತಿಯಲ್ಲಿಲ್ಲ.' ಇನ್ನೊಮ್ಮೆ ಒತ್ತಿಸಿದ. ಅದೇ ಸಾಲು.

"ಇದೇನು ಮೇಡಂ? ಮನೆಗೆ ಒಯ್ಯೋ ಯಂತ್ರ ಕಚೇರಿಯಲ್ಲೇ ನಡೆಯೋದಾದ್ರೆ ಯಾಕೆ ಬೇಕಿತ್ತು? ಯಾವ ಪುಣ್ಯಾತ್ಮ ಮಾಡಿದ ನಿಯಮ ಇದು?"

ಸಲಹೆಗಾರ್ತಿ ಪರದೆಯ ಸಾಲನ್ನು ಇನ್ನೊಮ್ಮೆ ಓದಿದಳು. ಮೂರು ವರ್ಷದ ಹಿಂದೆ ಕೆಲವು ದಳ್ಳಾಳಿಗಳು ಮುದುಕರನ್ನು ಒಂದೆಡೆ ಗುಂಪು ಕೂಡಿಸಿ ಬೆರಳಚ್ಚು ಒತ್ತಿಸಿಕೊಂಡು ದುಡ್ಡು ನುಂಗಿದ್ದರು. ಅದನ್ನು ತಡೆಯಲು ಕೌಂಟರಿನ ನೂರು ಮೀಟರ್ ಒಳಗೆ ಮಾತ್ರ ಬೆರಳಚ್ಚು ಒಪ್ಪಬೇಕೆಂದು ಬರೆದಿದ್ದಳು. ಆ ಪುಟಕ್ಕೆ ಚಪ್ಪಾಳೆಯೂ ಬಿದ್ದಿತ್ತು.

"ನಾನೇ," ಎಂದಳು.

ನಾದಿನಿಯೊಬ್ಬಳೇ ನಕ್ಕಳು, ಅದೂ ಸಣ್ಣಗೆ. ದರ್ಜಿ ಎದ್ದು ಹೊಲಿಗೆ ಯಂತ್ರದ ಮುಂದೆ ಕೂತು ಬಿಟ್ಟ ಕೆಲಸ ಹಿಡಿದಳು. ಬೈದಿದ್ದರೂ ಆಗುತ್ತಿತ್ತು, ಆ ಯಂತ್ರದ ಟಕಟಕ ಕೇಳುತ್ತ ಕೂರುವುದು ಸಲಹೆಗಾರ್ತಿಗೆ ಆಗಲಿಲ್ಲ. ಲ್ಯಾಪ್‌ಟಾಪ್ ತೆಗೆದು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು.

"ಎಂಟರಣ್ಣ, ಹೊಸ ಕೌಂಟರ್ ನೋಂದಾಯಿಸೋಕೆ ಏನೇನು ಬೇಕು?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ವಿಳಾಸ. ಮೇಜು. ಎರಡು ಕುರ್ಚಿ. ವಿದ್ಯುತ್. ಕುಡಿಯೋ ನೀರು."

"ಮೇಜು ಇದೆ."

"ಕುರ್ಚಿ ಒಂದೇ ಇದೆ."

"ಸ್ಟೂಲೂ ಕುರ್ಚಿಯ ಜಾತಿಯೇ, ಹಾಕಿ," ಎಂದಳು ನಾದಿನಿ.

"ಉಸ್ತುವಾರಿ ಯಾರು ಅಂತ ಕೇಳುತ್ತೆ ಮೇಡಂ."

ಸಲಹೆಗಾರ್ತಿ ದರ್ಜಿಯ ಕಡೆ ನೋಡಿದಳು. ದರ್ಜಿ ಹೊಲಿಗೆ ನಿಲ್ಲಿಸಿ, "ನನ್ನ ತಲೆಗೆ ಏನಾದ್ರೂ ಬಂದ್ರೆ?" ಎಂದಳು. "ಬಂದ್ರೆ ನನ್ನ ತಲೆಗೆ ಬರುತ್ತೆ," ಎಂದು ಸಲಹೆಗಾರ್ತಿ ದರ್ಜಿಯ ಹೆಸರು ಹಾಕಿದಳು. ತರಬೇತಿಗೆಂದು ಕೊಟ್ಟಿದ್ದ, ಹೊಸ ಕೌಂಟರ್ ಸೇರಿಸುವ ಅಧಿಕಾರ ಅವಳ ಬಳಿ ಇತ್ತು. ಅದನ್ನು ಹೀಗೆ ಬಳಸುವುದು ತಪ್ಪೆಂದು ತರಬೇತಿಯ ಮೊದಲ ದಿನ ಅವಳೇ ಪಾಠ ಮಾಡುತ್ತಿದ್ದಳು.

ನಾದಿನಿಯ ಚರ್ಮ ಒಣಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿ, ಮತ್ತೆ ಒರೆಸಿ, ನಾಲ್ಕನೇ ಸಲಕ್ಕೆ ಹಸಿರು ದೀಪ ಹತ್ತಿತು. ದರ್ಜಿ ಪರದೆಯ ಹತ್ತಿರಕ್ಕೆ ಬಗ್ಗಿದಳು. "ಇದು ಆ ಹಸಿರಾ, ನಿಜವಾದ ಹಸಿರಾ?" ಎಂದು ಕೇಳಿದಳು.

"ನಿಜವಾದದ್ದು."

ಸಲಹೆಗಾರ್ತಿ ಕೌಂಟರನ್ನು ಅಲ್ಲೇ ಅಳಿಸಿಬಿಡಬೇಕೆಂದಿದ್ದಳು. ಆದರೆ ಸೇರಿಸಲು ಒಬ್ಬರು ಸಾಕು, ತೆಗೆಯಲು ಇಬ್ಬರ ಒಪ್ಪಿಗೆ ಬೇಕು, ಇನ್ನೊಬ್ಬರು ನಿರ್ದೇಶಕರು. ಗುರುವಾರದ ಸಭೆ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡು ಮನೆಗೆ ಬಂದಳು. ಶಾಲೆಯಲ್ಲಿ ಗಣಿತ ಕಲಿಸುವ ಗಂಡ ಎಲ್ಲ ಕೇಳಿ, "ಒಳ್ಳೇ ಕೆಲಸಾನೂ ಕದ್ದು ಮಾಡೋ ಹಾಗಾಯ್ತಲ್ಲ," ಎಂದ. ಅವಳು ತಟ್ಟೆಯಲ್ಲಿದ್ದದ್ದನ್ನು ಕಲಸುತ್ತ ಕೂತಳೇ ಹೊರತು ಉಣ್ಣಲಿಲ್ಲ.

ಗುರುವಾರ ಸಭೆಯಲ್ಲಿ ಗೋಡೆಯ ಮೇಲೆ ಕೌಂಟರುಗಳ ನಕ್ಷೆ ಮೂಡಿತು. ನಾಲ್ಕು ನೀಲಿ ಚುಕ್ಕೆ ಇರಬೇಕಾದಲ್ಲಿ ಐದು. ನೆರವಿನ ಸಂಸ್ಥೆಯಿಂದ ಬಂದಿದ್ದ ಹಿರಿಯ ಹೆಂಗಸು ಐದನೆಯದರ ಕಡೆ ಬೆರಳು ತೋರಿದರು. "ಇದು ವಸತಿ ಪ್ರದೇಶದ ಒಳಗಿದೆಯಲ್ಲ? ಜನ ಇದ್ದಲ್ಲಿಗೇ ಹೋಗಿದ್ದೀರಿ. ಇದನ್ನೇ ನಾವು ಕೇಳ್ತಾ ಇದ್ದದ್ದು."

ನಿರ್ದೇಶಕರು ನಕ್ಷೆ ನೋಡಿದರು, ಸಲಹೆಗಾರ್ತಿಯನ್ನು ನೋಡಿದರು, ಆಮೇಲೆ ಎದ್ದು ನಿಂತು, "ಪ್ರಯತ್ನ ಮಾಡ್ತಾ ಇದ್ದೀವಿ ಮೇಡಂ," ಎಂದರು. ಚಪ್ಪಾಳೆ ಬಿತ್ತು. ಈಗಲೇ ಎದ್ದು ಆ ನಲವತ್ತರ ಮಾತು ಹೇಳಬೇಕೆಂದು ಸಲಹೆಗಾರ್ತಿ ಕುರ್ಚಿಯ ಕೈ ಹಿಡಿದಳು. ಎದ್ದಳು. ಹೇಳಿದಳು. ನೂರಕ್ಕೆ ತೊಂಬತ್ತೇಳರಲ್ಲಿ ನಲವತ್ತರಷ್ಟು ದೂರುಗಳನ್ನು ಯಂತ್ರವೇ ಮುಚ್ಚಿದೆ ಎಂದು ಸ್ಪಷ್ಟವಾಗಿಯೇ ಹೇಳಿದಳು. ಹಿರಿಯ ಹೆಂಗಸು ಬರೆದುಕೊಂಡರು. "ಒಳ್ಳೆ ಅಂಶ. ಮೂರನೇ ಹಂತದಲ್ಲಿ ಸೇರಿಸಿ," ಎಂದು ಮುಂದಿನ ಪುಟ ತಿರುವಿದರು.

ಸಭೆ ಮುಗಿದ ಮೇಲೆ ನಿರ್ದೇಶಕರು ತಮ್ಮ ಕೋಣೆಯ ಬಾಗಿಲು ಮುಚ್ಚಿದರು. "ನನ್ನ ಕೆಲಸ ಹೋಗ್ತಿತ್ತು ಮೇಡಂ, ಗೊತ್ತಾ ನಿಮಗೆ? ಯಾರ ಮನೆ ಅದು?"

ಅವಳು ಹೇಳಿದಳು.

"ಆ ಹೆಬ್ಬೆಟ್ಟು ಇರಲಿ. ಅದನ್ನ ನಾನು ಮುಟ್ಟಲ್ಲ. ಕೌಂಟರ್ ಮಾತ್ರ ಈಗಲೇ ತೆಗೀರಿ, ನಾನೂ ಒಪ್ಪಿಗೆ ಹಾಕ್ತೀನಿ."

"ವರದಿಯಲ್ಲಿ ಐದು ಅಂತ ಹೋಗಿದೆಯಲ್ಲ ಸಾರ್."

"ವರದಿಯಲ್ಲಿ ಇರಲಿ. ಓಣಿಯಲ್ಲಿ ಬೇಡ."

ಇಬ್ಬರೂ ಒಪ್ಪಿಗೆ ಹಾಕಿದರು. ಯಂತ್ರ ಬೀರುವಿಗೆ ಹೋಯಿತು, ಬೀರುವಿನ ಕೀಲಿ ನಿರ್ದೇಶಕರ ಜೇಬಿಗೆ. ಅವಳು ಮೆಟ್ಟಿಲಿಳಿಯುತ್ತಿರುವಾಗ ದರ್ಜಿಯ ಫೋನು ಬಂತು.

"ಮೇಡಂ, ನೀವು ಈಗಲೇ ಬರಬೇಕು. ಬೆಳಿಗ್ಗೆಯಿಂದ ಮನೆ ಮುಂದೆ ಜನ. ಎಲ್ಲರ ಫೋನಿಗೂ ಅದೇನೋ ಬಂದಿದೆಯಂತೆ."

ಅವಳಿಗೆ ಆಗ ನೆನಪಾಯಿತು. ಹೊಸ ಕೌಂಟರ್ ತೆರೆದ ಎರಡು ದಿನಕ್ಕೆ ಸುತ್ತಲಿನ ಫಲಾನುಭವಿಗಳಿಗೆಲ್ಲ ವ್ಯವಸ್ಥೆ ತಾನಾಗಿಯೇ ಸಂದೇಶ ಕಳಿಸುತ್ತದೆ: 'ನಿಮ್ಮ ಹತ್ತಿರದ ಸೇವೆ ಈಗ ಈ ವಿಳಾಸದಲ್ಲಿ.'

ಓಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಒಬ್ಬ ಮುದುಕನನ್ನು ಮಗಳು ಬೆನ್ನ ಮೇಲೆ ಹೊತ್ತು ತಂದಿದ್ದಳು. ಒಬ್ಬನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲೇ ಅಣ್ಣತಮ್ಮಂದಿರು ಎತ್ತಿಕೊಂಡು ಬಂದಿದ್ದರು. ಗೋಡೆಯ ನೆರಳು ಒಂದು ಮೊಳವಷ್ಟೇ ಉಳಿದಿತ್ತು. ಎಲ್ಲರೂ ಅದಕ್ಕೆ ಬೆನ್ನು ಆನಿಸಿ ಸಾಲಾಗಿ ಕೂತಿದ್ದರು. ಕಿಟಕಿಯೊಳಗಿಂದ ನಾದಿನಿಯ ದನಿ ಬರುತ್ತಿತ್ತು. "ನೀರು ಬಾಗಿಲ ಹತ್ರ ಇದೆ. ಬೆರಳು ತೊಳ್ಕೊಳ್ಳಿ, ಒಣಗಿದ್ರೆ ಯಂತ್ರ ಹಿಡಿಯಲ್ಲ. ತಳ್ಳಬೇಡಿ, ಅಜ್ಜಿ ಮೊದಲು ಬಂದಿದ್ದು."

ದರ್ಜಿ ಬಾಗಿಲಲ್ಲೇ ಎದುರಾದಳು. ಸಲಹೆಗಾರ್ತಿಯ ಬರಿಗೈ ನೋಡಿದಳು. ಕೇಳಬೇಕಾದ್ದೇನೂ ಉಳಿಯಲಿಲ್ಲ.

"ನೀವೇ ಹೇಳಿ," ಎಂದಳು. "ಆ ಗಾಜಿನ ಹಿಂದಿನವರ ಮಾತು ನನ್ನ ಬಾಯಲ್ಲಿ ಬರಲ್ಲ."

ಸಲಹೆಗಾರ್ತಿ ಹೊಸಿಲ ಮೇಲೆ ನಿಂತು ಜನರ ಕಡೆ ತಿರುಗಿದಳು. "ಈ ಕೌಂಟರ್..." ಎಂದಳು. ಚೀಲದಿಂದ ವರದಿಯ ಪ್ರತಿ ತೆಗೆದು, ಅದರ ಹಿಂಬದಿಯ ಬಿಳಿ ಪುಟ ಹುಡುಕಿ, ಪೆನ್ನು ಬಿಚ್ಚಿದಳು. "ಇವತ್ತು ಯಂತ್ರ ಇಲ್ಲ. ನಿಮ್ಮೆಲ್ಲರ ಹೆಸರು ಬರ್ಕೋತೀನಿ."

"ಹೆಸರು ನಿಮ್ಮ ಹತ್ರ ಇದೆಯಲ್ಲಮ್ಮ," ಎಂದಳು ಸಾಲಿನ ಮೊದಲಿಗಿದ್ದ ಅಜ್ಜಿ, ಸಮಾಧಾನವಾಗಿಯೇ. "ಇಲ್ಲದೆ ಫೋನಿಗೆ ಹೇಗೆ ಕಳಿಸ್ತಿದ್ರಿ?"

ಅಜ್ಜಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಆಗಲೇ ಕೈ ತೊಳೆದುಕೊಂಡು ಬಂದಿದ್ದಳು. ತೊಳೆದ ಹೆಬ್ಬೆರಳು ಯಾವುದಕ್ಕೂ ತಾಗಿ ಕೊಳೆಯಾಗದಂತೆ ಉಳಿದ ಬೆರಳುಗಳನ್ನು ಮಡಚಿ, ಅದೊಂದನ್ನೇ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತಿದ್ದಳು. ಮಣಿಕಟ್ಟಿನಿಂದ ಇಳಿದ ನೀರು ಹೊಸಿಲ ಕಲ್ಲಿನ ಮೇಲೆ ಒಂದೊಂದೇ ಹನಿಯಾಗಿ ಬೀಳುತ್ತಿತ್ತು, ಬಿದ್ದಲ್ಲೇ ಬಿಸಿಲಿಗೆ ಆರುತ್ತಿತ್ತು.