ಕಟ್ಟಿಸಿದ ಹಲ್ಲಿಗೆ ರಾತ್ರಿ ಎಲ್ಲಿ ಜಾಗ?

ನಮ್ಮ ಕಡೆ ಯಾರಿಗಾದರೂ ಬಾಯಿಹುಣ್ಣಾಯಿತು ಅನ್ನಿ, ಕೇಳಿದವರೆಲ್ಲ ಹೇಳುವುದು ಒಂದೇ ಮಾತು: "ಉಷ್ಣ ಕಣ, ತಲೆಗೆ ಹರಳೆಣ್ಣೆ ಹಾಕು." ಹರವೆಯ ಚಿಕ್ಕರಂಗಯ್ಯನೂ ಹಾಕಿಕೊಂಡ. ಮಜ್ಜಿಗೆ ಕುಡಿದ. ತುಟಿಯ ಎರಡೂ ಮೂಲೆ ಸೀಳಿದ್ದಕ್ಕೆ ಬೆಣ್ಣೆ ಸವರಿದ. ಬೇಸಿಗೆ ಕಳೆದು, ಮಳೆ ಬಿದ್ದು ನೆಲ ತಂಪಾಯಿತು. ಅವನ ಬಾಯಿ ಮಾತ್ರ ತಂಪಾಗಲಿಲ್ಲ.

ಚಿಕ್ಕರಂಗಯ್ಯ ದಾಸಯ್ಯ. ಹಣೆಗೆ ನಾಮ, ಒಂದು ಕೈಯಲ್ಲಿ ಶಂಖ, ಇನ್ನೊಂದರಲ್ಲಿ ಜಾಗಟೆ. ಸುತ್ತಲ ಊರುಗಳಲ್ಲಿ ದೇವರ ಹೆಸರಲ್ಲಿ ಊಟ ಹಾಕುವ ಹರಿಸೇವೆ ಅಂದರೆ ಅವನನ್ನೇ ಕರೆಯುತ್ತಿದ್ದರು. ಅವನ ಶಂಖದ ದನಿ ಕೇಳಿದ ಮೇಲೆಯೇ ಎಲೆಗೆ ಬಡಿಸುತ್ತಿದ್ದರು. ಮೇಲಿನ ಹಲ್ಲೆಲ್ಲ ಬಿದ್ದುಹೋದಾಗ ಚಾಮರಾಜನಗರಕ್ಕೆ ಹೋಗಿ ಹಲ್ಲು ಕಟ್ಟಿಸಿಕೊಂಡ. ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ವಸಡಿಗೆ ಒತ್ತತೊಡಗಿತು. ಕುಡುಗೋಲು ಮಸೆದು ಪಳಗಿದ ಕೈಯಲ್ಲವೇ, ಅರ ತೆಗೆದುಕೊಂಡು ಒತ್ತುವ ಅಂಚನ್ನು ತಾನೇ ಉಜ್ಜಿದ. ಹಲ್ಲಿನ ಸೆಟ್ಟು ಸಡಿಲವಾಯಿತು. ಅದಕ್ಕೆ ಅಂಟಿನ ಪುಡಿ ತಂದು ಮೆತ್ತಿದ.

ಮನೆಯವರಿಗೆ ಇದು ಅಷ್ಟಾಗಿ ಗೊತ್ತಾಗಲಿಲ್ಲ. ನಮ್ಮದು ಮುದ್ದೆ ಊಟ. ಮುದ್ದೆಯನ್ನು ನುಂಗುತ್ತೇವೆ, ಅಗಿಯುವುದಿಲ್ಲ. ತಟ್ಟೆಯಲ್ಲಿ ಮುದ್ದೆ ಖಾಲಿಯಾದರೆ ಹಿರಿಯರು ಹೊಟ್ಟೆ ತುಂಬ ಉಂಡರು ಅಂತಲೇ ಲೆಕ್ಕ. ಸಾರಿನ ಹುರುಳಿಕಾಳನ್ನು ಅವನು ಬದಿಗೆ ತಳ್ಳಿ ಕೋಳಿಗೆ ಹಾಕುತ್ತಿದ್ದುದನ್ನು ಹೆಂಡತಿ ಸೋಮಮ್ಮ ಒಬ್ಬಳೇ ಕಂಡಿದ್ದಳು.

ಹೀಗಿರುವಾಗ ಗುಂಡ್ಲುಪೇಟೆಯ ಒಂದು ಮನೆಯಲ್ಲಿ ಹರಿಸೇವೆ. ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಎಲೆ ಹಾಕಿದ್ದರು, ಜನ ಕೈಮುಗಿದು ನಿಂತಿದ್ದರು. ಚಿಕ್ಕರಂಗಯ್ಯ ಶಂಖವನ್ನು ತುಟಿಗಿಟ್ಟು ಉಸಿರು ಬಿಗಿಹಿಡಿದು ಊದಿದ. ದನಿ ಬರಲಿಲ್ಲ, ಹಲ್ಲು ಬಂತು. ಸೆಟ್ಟು ಮುಂದಕ್ಕೆ ಜಾರಿ ಶಂಖಕ್ಕೆ ಟಕ್ ಅಂತ ಬಡಿಯಿತು. ಸೀಳಿದ ತುಟಿಯಿಂದ ರಕ್ತ ಒಸರಿತು. ಮಕ್ಕಳು ಕಿಸಕ್ಕನೆ ನಕ್ಕವು. ಮನೆಯ ಯಜಮಾನ, ಜೊತೆಗೆ ಬಂದಿದ್ದ ಇನ್ನೊಬ್ಬ ದಾಸಯ್ಯ ಬಸವಣ್ಣನ ಕಡೆ ತಿರುಗಿ, "ನೀನೇ ಊದ್ಬುಡು ಕಣ್ಲಾ," ಅಂದ.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಚಿಕ್ಕರಂಗಯ್ಯ ಮೆಲ್ಲಗೆ ಹೇಳಿದ: "ಇನ್ನು ಶಂಖ ಊದದು ಬುಟ್ಬುಡ್ತಿನಿ ಕಣಮ್ಮಿ. ದೇವ್ರು ರಂಗಪ್ಪಂಗೇ ನನ್ನುಸ್ರು ಬ್ಯಾಡಾಯ್ತು."

"ರಂಗಪ್ಪನ ಮ್ಯಾಲ್ಯಾಕೆ ಹೇಳ್ತೀರ? ಬಾಯ್ನ ಯಾರ್ಗಾರ ತೋರ್ಸುದ್ರಾ?"

"ತೋರ್ಸದೇನು, ಉಷ್ಣ ಕಣ."

"ಎಣ್ಣೆ ಸುರ್ದು ಸುರ್ದು ದಿಂಬೆಲ್ಲ ಜಿಡ್ಡಾಯ್ತು, ಉಷ್ಣ ಇನ್ನೂ ಇಳ್ದಿಲ್ವಾ?"

ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಔಷಧಿ ಅಂಗಡಿ. ಅಲ್ಲಿದ್ದವಳು ಫಾರ್ಮಸಿಸ್ಟ್ ಬೃಂದಾ, ಔಷಧಿಗಳ ವಿಚಾರವನ್ನೇ ಓದಿಕೊಂಡ ಹುಡುಗಿ.

"ಅವ್ವಾ, ಹಲ್ಲಂಟ್ಸೋ ಪುಡಿ ಕೊಡು, ದೊಡ್ಡ ಡಬ್ಬೀನೆ. ಅಂಗೇ ಬಾಯುಣ್ಗೆ ಒಂದ್ ಮಾತ್ರೆ," ಅಂದ ಚಿಕ್ಕರಂಗಯ್ಯ.

ಬೃಂದಾ ಪುಡಿ ತೆಗೆಯಲಿಲ್ಲ. "ಮೊದ್ಲು ಒಂದೆರಡು ಮಾತು ಕೇಳ್ಲಾ ತಾತ? ನೋವು ಯಾವಾಗಿಂದ?"

"ಉಗಾದಿ ಆದ್ಮೇಲೆ ಸುರುವಾಯ್ತು."

"ಸಕ್ಕರೆ ಕಾಯಿಲೆ ಇದ್ಯಾ?"

"ನೋಡ್ಸಿಲ್ಲ."

"ಎಲೆಅಡಿಕೆ, ಹೊಗೆಸೊಪ್ಪು?"

ಸೋಮಮ್ಮ ಮಧ್ಯೆ ಬಾಯಿ ಹಾಕಿದಳು. "ಎಲೆಅಡಿಕೆ ಉಂಟು ಕಣವ್ವ. ಹೊಗೆಸೊಪ್ಪು ಬುಟ್ಟವ್ರೆ, ನನ್ ಕಣ್ಮುಂದೆ."

ಬೃಂದಾ ನಕ್ಕಳು. "ರಾತ್ರಿ ಹಲ್ಲು ತೆಗೆದಿಟ್ಟು ಮಲಗ್ತೀರಾ ತಾತ?"

ಚಿಕ್ಕರಂಗಯ್ಯ ಇಲ್ಲವೆಂದು ತಲೆಯಾಡಿಸಿದ.

"ಕಟ್ಟಿಸಿದಾಗ ಡಾಕ್ಟ್ರು ಹೇಳಿರಲಿಲ್ವಾ?"

"ಹೇಳಿದ್ರು. ಎಲ್ಲಿ ಮಡಗ್ಲವ್ವಾ? ಬಾಯಿಗಾಕಿದ್ದು ಎಂಜ್ಲು. ಚೊಂಬ್ಗಾಕುದ್ರೆ ಚೊಂಬು ಕೆಡ್ತದೆ, ಲೋಟ್ಕಾಕುದ್ರೆ ಲೋಟ ಕೆಡ್ತದೆ. ದಾಸಯ್ಯನ ಮನೆ ನಮ್ದು. ಬಾಯ್ದು ಬಾಯಲ್ಲೇ ಇರ್ಲಿ ಅಂದ್ಕಂಡೆ. ಬೆಳಿಗ್ಗೆ ಒಂದ್ ಚೊಂಬು ನೀರ್ ಸುರ್ದು ಮತ್ತೆ ಹಾಕ್ಕತಿನಿ."

ಸೋಮಮ್ಮನಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. "ಅಲ್ಲ, ಶಂಖಾನೂ ಬಾಯಿಗಿಟ್ಟೇ ಊದ್ತೀರ. ತೊಳ್ದು ದೇವ್ರ ಮುಂದೆ ಮಡಗ್ತೀರ. ಅದೆಂಜ್ಲಲ್ವಾ?"

"ಸುಮ್ನಿರಮ್ಮಿ! ಶಂಖಕ್ಕೂ ಹಲ್ಗೂ ಒಂದೇ ತಕ್ಕಡಿನಾ?"

"ನಾನೇನ್ ತೂಗಕ್ ಬಂದಿಲ್ಲ. ತೊಳುದ್ರೆ ಎಂಜ್ಲು ಓಯ್ತದೆ ಅಂದೆ, ಅಷ್ಟೇಯ."

ಬೃಂದಾ ಅವನನ್ನು ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಕರೆದೊಯ್ದಳು. ಕೈ ತೊಳೆಸಿ, ಹಲ್ಲು ತೆಗೆಸಿ, ಅದರ ಒಳಮೈ ಮೇಲೆ ಹೆಬ್ಬೆರಳು ಸವರಲು ಹೇಳಿದಳು. ಬೆರಳು ಜಾರಿತು. ಚಿಕ್ಕರಂಗಯ್ಯ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ.

"ದನ ನೀರ್ ಕುಡ್ಯೋ ತೊಟ್ಟಿ ಪಾಚಿ ಇದ್ದಂಗದೆ ಕಣವ್ವ."

ಬೃಂದಾ ಟಾರ್ಚು ಹಾಕಿ ಅವನ ಬಾಯಿಯೊಳಗೆ ನೋಡಿದಳು. ಅಂಗುಳಲ್ಲಿ ಸೆಟ್ಟು ಕೂರುವ ಜಾಗವೆಲ್ಲ ಕೆಂಪಗಾಗಿತ್ತು.

"ತೆಗೆಯದೇ ಇರೋ ಹಲ್ಲಿನ ಕೆಳಗೆ ಊಟದ ಚೂರು, ತೇವ ಎಲ್ಲ ಸೇರಿ ಬೂಷ್ಟು ಬೆಳೀತದೆ ತಾತ. ಅಂಗುಳು ಕೆಂಪಾಗೋದು, ತುಟಿ ಮೂಲೆ ಸೀಳೋದು ಎಷ್ಟೋ ಸಲ ಅದರಿಂದಾನೇ. ಸಕ್ಕರೆ ಇದ್ರೆ ಇನ್ನೂ ಜಾಸ್ತಿ. ಆದ್ರೆ ಇದೇ ಅಂತ ಹೇಳ್ಬೇಕಾದೋರು ಹಲ್ಲಿನ ಡಾಕ್ಟ್ರು, ನಾನಲ್ಲ. ಎರಡು ವಾರ ದಾಟಿದ ಹುಣ್ಣು ಯಾವುದೇ ಆಗ್ಲಿ, ಅವರು ನೋಡಲೇಬೇಕು. ಎಲೆಅಡಿಕೆ ಹಾಕೋ ಬಾಯಿ ಬೇರೆ."

ಸೋಮಮ್ಮನ ದನಿ ಇಳಿಯಿತು. "ಕೆಟ್ಟ ಕಾಯ್ಲೆನಾ ಮಗ?"

"ಅಂಗಂತ ಹೇಳ್ತಿಲ್ಲ ಅಜ್ಜಿ. ಅಲ್ಲ ಅಂತ ಗೊತ್ತು ಮಾಡ್ಕೊಳ್ಳಕ್ಕಾದ್ರೂ ತೋರಿಸ್ಬೇಕು."

"ಅಂಗಾರೆ ಪುಡಿ?" ಚಿಕ್ಕರಂಗಯ್ಯನ ಮನಸ್ಸು ಇನ್ನೂ ಅಲ್ಲೇ ಇತ್ತು.

"ಪುಡಿ ಸಡಿಲಾನ ಮುಚ್ಚಿಡ್ತದೆ, ಸರಿ ಮಾಡಲ್ಲ. ವರ್ಷ ಕಳೆದಂಗೆ ವಸಡು ಸವೀತದೆ, ಸೆಟ್ಟು ಸಡಿಲ ಆಗ್ತದೆ. ಡಾಕ್ಟ್ರು ಅದನ್ನ ಸರಿಮಾಡಿ ಕೂರಿಸ್ತಾರೆ. ಇನ್ಮೇಲೆ ಅರ ಮುಟ್ಟಬೇಡಿ."

ಪುಡಿಯ ಬದಲು ಒಂದು ಮೆತ್ತನೆ ಬ್ರಷ್ಷು, ಮುಚ್ಚಳ ಇರುವ ಒಂದು ಡಬ್ಬಿ ಕೊಟ್ಟಳು. "ಉಂಡಾದ ಮೇಲೆ ಹಲ್ಲು ತೆಗೆದು ತೊಳೀರಿ. ಮಲಗೋ ಮುಂಚೆ ಸೋಪು ಹಚ್ಚಿ ಉಜ್ಜಿ, ಚೆನ್ನಾಗಿ ತೊಳೀರಿ. ಕೆಳಗೆ ಒಂದು ಬೋಗುಣಿ ನೀರಿಟ್ಕೊಳ್ಳಿ, ಕೈಜಾರಿದ್ರೂ ಒಡೆಯಲ್ಲ. ಪೇಸ್ಟು, ಇದ್ದಿಲು, ಬೂದಿ ಬೇಡ, ಗೀರು ಬೀಳ್ತದೆ. ಬಿಸಿನೀರು ಬೇಡ, ಸೊಟ್ಟಾಗ್ತದೆ. ರಾತ್ರಿಯೆಲ್ಲ ಡಬ್ಬೀಲಿ ತಣ್ಣೀರೊಳಗೆ ಮುಳುಗಿರಲಿ, ದಿನಾ ನೀರು ಬದಲಾಯಿಸಿ. ವಸಡು, ಅಂಗುಳು, ನಾಲಿಗೇನೂ ಮೆಲ್ಲಗೆ ಉಜ್ಜಿಕೊಳ್ಳಿ."

"ಎಲ್ಲ ಸರಿಯೇ. ಡಬ್ಬಿ ಎಲ್ಲಿ ಮಡಗ್ಲಿ?"

ಬೃಂದಾ ಡಬ್ಬಿಯ ಮುಚ್ಚಳ ಬಿಗಿದಳು. "ಅದು ನಿಮ್ಮನೇಲೇ ತೀರ್ಮಾನ ಆಗ್ಬೇಕು ತಾತ," ಅಂದಳು.

ಬಸ್ಸಿನಲ್ಲಿ ಚಿಕ್ಕರಂಗಯ್ಯ ಹೆಬ್ಬೆರಳನ್ನು ಪಂಚೆಗೆ ಉಜ್ಜುತ್ತಲೇ ಇದ್ದ. ಆ ಪಾಚಿಯ ಜಾರಿಕೆ ಇನ್ನೂ ಬೆರಳಲ್ಲೇ ಇದ್ದಂತಿತ್ತು. ಎಂಜಲು ಮನೆಯ ಪಾತ್ರೆಗೆ ಸೋಕಬಾರದು ಅಂತ ಇಷ್ಟು ವರ್ಷ ಅದನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಿದೆನಲ್ಲ ಅಂದುಕೊಂಡ. ಆ ಬಾಯಲ್ಲೇ ಗೋವಿಂದ ಅಂದೆ. ಆ ಬಾಯನ್ನೇ ಶಂಖಕ್ಕೆ ಇಟ್ಟೆ. ಹಾಗಾದರೆ ಮಡಿ ಕಾಪಾಡಿದ್ದು ಯಾರಿಗೆ?

ಸಂಜೆ ಉಂಡಾದ ಮೇಲೆ ಹೇಳಿದಂತೆಯೇ ಹಲ್ಲು ಉಜ್ಜಿ ಡಬ್ಬಿಗೆ ಹಾಕಿದ. ಒಳಗಿಡಲು ಮಾತ್ರ ಮನಸ್ಸು ಬರಲಿಲ್ಲ. ಜಗಲಿಯ ತುದಿಗೆ ಹೋಗಿ ಇಟ್ಟು ಬಂದ. ಸೊಸೆ ಸುಧಾಮಣಿ ಕಂಡಳು.

"ಮಾವ, ಉಣ್ಣೋ ಹಲ್ನ ಚಪ್ಲಿ ಪಕ್ಕ ಮಡಗಿದ್ದೀರಲ್ಲ! ಬೆಕ್ಕು ಉಳ್ಳಾಡುಸ್ಕೊಂಡೋದ್ರೆ?"

"ಒಳೀಕೆ ಬ್ಯಾಡ ಕಣವ್ವ. ಎಂಜ್ಲು."

"ಈಗ ತಾನೆ ಸೋಪಾಕಿ ತೊಳುದ್ರಿ." ಅವಳು ಡಬ್ಬಿ ಎತ್ತಿಕೊಂಡಳು. ಅದನ್ನು ಸೆರಗಿನಲ್ಲಿ ಒರೆಸುತ್ತಾ, "ಬೇಜಾರ್ ಮಾಡ್ಕಬ್ಯಾಡಿ ಮಾವ. ನಿಮ್ ಬಾಯಿ ಬಾಳ ದಿನದಿಂದ ವಾಸ್ನೆ ಬತ್ತಿತ್ತು. ಮಾವಂಗೆ ಎಂಗೇಳದು ಅಂತ ಸುಮ್ನಿದ್ದೆ. ನಂದೂ ತಪ್ಪೇಯ," ಅಂದಳು.

ಬಚ್ಚಲ ಗೋಡೆಯ ಗೂಡಿನಲ್ಲಿದ್ದ ತನ್ನ ಸೀಗೆಪುಡಿ, ಬಾಚಣಿಗೆ ತೆಗೆದು, ಆ ಜಾಗದಲ್ಲಿ ಡಬ್ಬಿ ಇಟ್ಟಳು. "ಇದು ನಿಮ್ದೇ ಜಾಗ. ಯಾರೂ ಮುಟ್ಟಲ್ಲ."

ಚಿಕ್ಕರಂಗಯ್ಯನಿಗೆ ಕಣ್ಣು ತುಂಬಿತು. ಹಲ್ಲಿಲ್ಲದ ಬಾಯನ್ನು ಸೊಸೆಯ ಮುಂದೆ ಅವನು ಕೈಯಿಂದ ಮುಚ್ಚಿಕೊಳ್ಳಲಿಲ್ಲ.

ಮಾರನೆಯ ದಿನ ಸೋಮಮ್ಮನೇ ಅವನನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋದಳು. ಹಲ್ಲಿನ ಡಾಕ್ಟರು ಬಾಯಿಯೆಲ್ಲ ಪರೀಕ್ಷೆ ಮಾಡಿ, "ಕೆಟ್ಟದ್ದೇನೂ ಕಾಣ್ತಿಲ್ಲ, ಬೂಷ್ಟೇ," ಅಂದಾಗ ಅವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಹಚ್ಚುವ ಔಷಧಿ ಬರೆದುಕೊಟ್ಟರು. ಅರ ಹಾಕಿ ಕೆಡಿಸಿದ ಸೆಟ್ಟಿಗೆ ಆಮೇಲೆ ಹೊಸ ಒಳಪದರ ಹಾಕಿಕೊಟ್ಟರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚಿರುವುದೂ ಗೊತ್ತಾಯಿತು. ಅದಕ್ಕೂ ಮಾತ್ರೆ ಶುರುವಾಯಿತು. ತುಟಿ ಪೂರ್ತಿ ಮಾಯುವವರೆಗೆ ಶಂಖ ಬೇಡ ಅಂದರು. ಅವನು ತಾಳ್ಮೆಯಿಂದ ಕಾದ.

ಉಡಿಗಾಲ ಊರಿನ ಹರಿಸೇವೆಗೆ ಕರೆ ಬಂದಾಗ ಹೆದರುತ್ತಲೇ ಹೋದ. ಮೊದಲ ಉಸಿರು ಸೊಟ್ಟಗೆ ಬಂತು. ಎರಡನೆಯದು ನೆಟ್ಟಗೆ ನಿಂತಿತು. ಹೊಲದಲ್ಲಿದ್ದವರೂ ತಲೆ ಎತ್ತಿ ನೋಡಿದರು. "ಇನ್ನೇನು ನಾನೇ ದೊಡ್ ದಾಸಯ್ಯ ಅಂತಿದ್ದೆ, ಕಲ್ಲಾಕ್ಬುಟ್ಟಲ್ಲಣ್ಣೋ!" ಅಂತ ಬಸವಣ್ಣ ಗೊಣಗಿದ. ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ.

ಈ ಕಥೆ ಕೇಳಿದ ನಮ್ಮ ಸಂಘದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಹಲ್ಲು ಕಟ್ಟಿಸಿಕೊಂಡ ಹಿರಿಯರು ಇರಬಹುದು. ನೋವಿದ್ದರೂ ಅವರು ಹೇಳುವುದಿಲ್ಲ, ನಾಚಿಕೊಳ್ಳುತ್ತಾರೆ. ಇವತ್ತೇ ನೀವಾಗಿ ಕೇಳಿ. ಔಷಧಿ ಅಂಗಡಿಗೆ ಹೋದಾಗ ಮಾತ್ರೆಗೆ ಕೈಚಾಚುವ ಮುಂಚೆ ತೊಂದರೆ ಏನೆಂದು ಫಾರ್ಮಸಿಸ್ಟರಿಗೆ ಹೇಳಿ. ಅವರ ಸಲಹೆ ಕೇಳಲು ಯಾರ ಚೀಟಿಯೂ ಬೇಕಾಗಿಲ್ಲ. ಡಾಕ್ಟರಿಗೆ ತೋರಿಸಿ ಅಂದರೆ ತಡಮಾಡಬೇಡಿ. ಎರಡು ವಾರವಾದರೂ ಮಾಯದ ಹುಣ್ಣು, ಬಾಯಲ್ಲಿ ಗಂಟು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರಂತೂ ಯಾರಾದರೂ ಹೇಳುವವರೆಗೆ ಕಾಯಬೇಡಿ. ಡಬ್ಬಿ, ಬ್ರಷ್ಷು ಅಂಗಡಿಯಲ್ಲಿ ಸಿಗುತ್ತವೆ. ಆ ಡಬ್ಬಿಗೆ ಮನೆಯೊಳಗೆ ಒಂದು ಜಾಗ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ನೀವೇ ಕೊಡಬೇಕು.